ತಪ್ಪಿದ ಸರದಿ



ಕುಸ್ವಾರಿನ ಡಬ್ಬಗಳು ಖಾಲಿಯಾಗಿ, ಗೋದಲಿಯ ಹುಲ್ಲು ಹಟ್ಟಿಗೆ ಹೋಗುವ ಹೊತ್ತಿಗೆ ಇಂಗ್ಲೆಂಡಿನಲ್ಲಿ ಪ್ರತಿ ವರ್ಷ ಒಂದು ಪಂದ್ಯಾವಳಿ ಮುಗಿಯುತ್ತದೆ. ಕ್ರಿಸ್ಮಸಿಗೆ ಮುಂಚೆ ಆರಂಭವಾಗಿ ಹೊಸ ವರ್ಷದ ಮೊದಲ ದಿನಗಳಲ್ಲಿ ಕೊನೆಗೊಳ್ಳುವ ವಿಶ್ವ ಡಾರ್ಟ್ಸ್ ಚಾಂಪಿಯನ್‌ಶಿಪ್ ಅದು. ಬೇಳ, ಕಯ್ಯಾರು, ಮಂಜೇಶ್ವರ, ವರ್ಕಾಡಿ, ಕುಂಬಳೆಗಳ ಮನೆಗಳಲ್ಲಿ ಈ ಆಟದ ಹೆಸರು ಹಿಂದೆ ಯಾರಿಗೂ ಗೊತ್ತಿರಲಿಲ್ಲ. ಈಗ ಹಾಗಲ್ಲ. ನಮ್ಮ ಮಕ್ಕಳು ಅಲ್ಲಿ ದಾದಿಯರಾಗಿದ್ದಾರೆ, ವೃದ್ಧಾಶ್ರಮಗಳಲ್ಲಿ ದುಡಿಯುತ್ತಾರೆ, ಓದುತ್ತಾರೆ. ರಾತ್ರಿ ಪಾಳಿ ಮುಗಿಸಿ ಮನೆಗೆ ವೀಡಿಯೊ ಕರೆ ಮಾಡುವಾಗ ಹಿಂದಿನ ಟಿ.ವಿ.ಯಲ್ಲಿ ಈ ಆಟ ಕಾಣುತ್ತದೆ. "ಅದೇನು ಮಗಾ, ಗೋಡೆಗೆ ಸೂಜಿ ಎಸೆಯುತ್ತಾರೆ, ಅದಕ್ಕೆ ಇಷ್ಟು ಜನರೇ?" ಎಂದು ಅಜ್ಜಿ ಕೇಳುತ್ತಾರೆ.

ಅಜ್ಜಿಯ ಪ್ರಶ್ನೆ ಸರಿಯಾದದ್ದೇ. ಅದಕ್ಕೆ ಉತ್ತರ ಹೇಳುವ ನೆವದಲ್ಲಿ ಈ ತಿಂಗಳು ನಿಮ್ಮೊಡನೆ ಬೇರೊಂದು ವಿಷಯ ಮಾತಾಡುವುದಿದೆ. ನಮ್ಮ ಜಿಲ್ಲೆಯ ಮಕ್ಕಳ ಪರೀಕ್ಷೆ ಮತ್ತು ಫಲಿತಾಂಶಗಳ ವಿಷಯ ಅದು. ಎರಡಕ್ಕೂ ಏನು ಸಂಬಂಧ ಎಂದು ಹುಬ್ಬೇರಿಸಬೇಡಿ. ಮೊದಲು ಆಟವನ್ನು ಸ್ವಲ್ಪ ತಿಳಿದುಕೊಳ್ಳೋಣ.

ಡಾರ್ಟ್ಸ್ ಎಂದರೆ ಕೈಯಿಂದ ಎಸೆಯುವ ಪುಟ್ಟ ಬಾಣಗಳು. ಒಂದರ ತೂಕ ಸಾಮಾನ್ಯವಾಗಿ 20ರಿಂದ 25 ಗ್ರಾಂ. ಎದುರಿನ ಗೋಡೆಯಲ್ಲಿ ದುಂಡಗಿನ ಹಲಗೆ. ಅದರ ನಡುಬಿಂದು ನೆಲದಿಂದ 1.73 ಮೀಟರ್ ಎತ್ತರದಲ್ಲಿರುತ್ತದೆ. ಆಟಗಾರ ನಿಲ್ಲುವ ಗೆರೆ 2.37 ಮೀಟರ್ ದೂರದಲ್ಲಿ. ಹಲಗೆ ಎಂದೆವು, ಆದರೆ ಒಳ್ಳೆಯ ಡಾರ್ಟ್ಸ್ ಹಲಗೆ ಮರದ್ದಲ್ಲ. ನಮ್ಮ ಗುಡ್ಡೆಯ ಬೇಲಿಗಳಲ್ಲಿ ಬೆಳೆಯುತ್ತದಲ್ಲ ಕತ್ತಾಳೆ, ಅದೇ ಜಾತಿಯ ಸಿಸಲ್ ಎಂಬ ಗಿಡದ ನಾರನ್ನು ಒತ್ತೊತ್ತಾಗಿ ನಿಲ್ಲಿಸಿ, ಬಿಗಿದು ಮಾಡಿದ್ದು. ಬಾಣ ನಾರುಗಳ ನಡುವೆ ಹೊಕ್ಕು ನಿಲ್ಲುತ್ತದೆ. ಕಿತ್ತ ಮೇಲೆ ನಾರುಗಳು ಮತ್ತೆ ಕೂಡಿಕೊಂಡು ತೂತು ಮುಚ್ಚುತ್ತದೆ. ಹಾಗಾಗಿಯೇ ಸಾವಿರಾರು ಏಟು ತಿಂದರೂ ಹಲಗೆ ಉಳಿಯುತ್ತದೆ.

ಹಲಗೆಯಲ್ಲಿ 20 ಹೋಳುಗಳು, 1ರಿಂದ 20ರವರೆಗೆ ಅಂಕಗಳು. ಹೊರ ಅಂಚಿನಲ್ಲಿ ಒಂದು ತೆಳುವಾದ ಬಳೆ ಇದೆ. ಅದಕ್ಕೆ ಬಾಣ ತಾಗಿದರೆ ಅಂಕ ಎರಡರಷ್ಟು. ಇದೇ ಡಬಲ್. ಒಳಗಿನ ಇನ್ನೊಂದು ಬಳೆಗೆ ತಾಗಿದರೆ ಮೂರರಷ್ಟು. ಈ ಬಳೆಗಳ ಅಗಲ ಬರೇ 8 ಮಿಲಿಮೀಟರ್, ನಮ್ಮ ಕಿರುಬೆರಳಿಗಿಂತಲೂ ಸಪೂರ. ಒಂದು ಸರದಿಗೆ ಮೂರು ಬಾಣ. ಮೂರೂ 20ರ ಮೂರರಷ್ಟಕ್ಕೆ ಬಿದ್ದರೆ 180 ಅಂಕ. ಒಂದು ಸರದಿಯಲ್ಲಿ ಅದಕ್ಕಿಂತ ಹೆಚ್ಚು ಸಿಗುವುದಿಲ್ಲ.

ಇನ್ನು ಈ ಆಟದ ವಿಶೇಷ. ಕ್ರಿಕೆಟಿನಲ್ಲಿ, ಕಬಡ್ಡಿಯಲ್ಲಿ ಅಂಕ ಕೂಡುತ್ತಾ ಹೋಗುತ್ತಾರೆ. ಇಲ್ಲಿ ಕಳೆಯುತ್ತಾ ಬರುತ್ತಾರೆ. ಇಬ್ಬರೂ 501ರಿಂದ ಶುರು ಮಾಡಬೇಕು, ಸರಿಯಾಗಿ ಸೊನ್ನೆಗೆ ತಲುಪಬೇಕು. ಕೊನೆಯ ಬಾಣ ಡಬಲಿಗೇ ಬೀಳಬೇಕು, ಇಲ್ಲವೇ ನಟ್ಟನಡುವಿನ 50 ಅಂಕದ ಕಣ್ಣಿಗೆ. 40 ಬಾಕಿ ಇದ್ದರೆ 20ರ ಡಬಲ್. 32 ಬಾಕಿ ಇದ್ದರೆ 16ರ ಡಬಲ್. ಎಷ್ಟು ಸಲ 180 ಹೊಡೆದಿದ್ದರೂ ಈ ಕೊನೆಯ ಬಾಣ ತಾಗದಿದ್ದರೆ ಆ ಸುತ್ತು ನಿಮ್ಮದಲ್ಲ.

ಬಾಕಿ ಇರುವುದಕ್ಕಿಂತ ಹೆಚ್ಚು ಅಂಕ ಹೊಡೆದುಬಿಟ್ಟರೆ? 32 ಬಾಕಿ ಇರುವಾಗ ಮೊದಲ ಬಾಣ 20ಕ್ಕೆ, ಎರಡನೆಯದು 18ಕ್ಕೆ ಬಿತ್ತು ಎನ್ನೋಣ. ಒಟ್ಟು 38 ಆಯಿತು, ಬಾಕಿಗಿಂತ ಹೆಚ್ಚು. ಇದಕ್ಕೆ ಬಸ್ಟ್ ಎನ್ನುತ್ತಾರೆ. ಆ ಸರದಿ ಅಲ್ಲಿಗೇ ಮುಗಿಯಿತು. ಪಕ್ಕದಲ್ಲಿ ನಿಂತು ಅಂಕ ಕೂಗುವ ತೀರ್ಪುಗಾರ "ನೋ ಸ್ಕೋರ್" ಎಂದು ಎರಡೇ ಶಬ್ದ ಹೇಳುತ್ತಾನೆ. ಬೈಗುಳವಿಲ್ಲ, ಪ್ರಸಂಗವಿಲ್ಲ. ಆಟಗಾರ ತಾನೇ ನಡೆದು ಹೋಗಿ ತನ್ನ ಬಾಣಗಳನ್ನು ಕೀಳುತ್ತಾನೆ. ಎದುರಾಳಿ ಮೂರು ಬಾಣ ಎಸೆಯುತ್ತಾನೆ. ಮತ್ತೆ ಇವನ ಸರದಿ ಬಂದಾಗ ಲೆಕ್ಕ ಎಲ್ಲಿಂದ?

ಇಲ್ಲಿ ಸ್ವಲ್ಪ ನಿಲ್ಲೋಣ. ಲೆಕ್ಕ 501ರಿಂದ ಅಲ್ಲ. ತಪ್ಪುವ ಮೊದಲು ಎಲ್ಲಿದ್ದನೋ ಅಲ್ಲಿಂದ, ಆ 32ರಿಂದಲೇ. ಅಲ್ಲಿಯವರೆಗೆ ಅವನು ಕಷ್ಟಪಟ್ಟು ಕಳೆದ 469 ಅಂಕಗಳನ್ನು ಯಾರೂ ಅವನಿಂದ ಕಿತ್ತುಕೊಳ್ಳುವುದಿಲ್ಲ. ರದ್ದಾಗುವುದು ತಪ್ಪಿದ ಆ ಒಂದು ಸರದಿ ಮಾತ್ರ. ಈ ನಿಯಮವನ್ನು ನೆನಪಿನಲ್ಲಿಡಿ. ಈ ಬರಹ ನಿಂತಿರುವುದು ಅದರ ಮೇಲೆ.

ಈ ಆಟದಲ್ಲಿ ತಪ್ಪಿಗೆ ಬೆಲೆ ಇಲ್ಲವೆಂದಲ್ಲ. ಹಲಗೆಯ ಅಂಕಗಳ ಜೋಡಣೆಯನ್ನೇ ನೋಡಿ. 20ರ ಎಡಕ್ಕೆ 5, ಬಲಕ್ಕೆ 1. 19ರ ಆಚೀಚೆ 3 ಮತ್ತು 7. 18ರ ಪಕ್ಕದಲ್ಲಿ 1 ಮತ್ತು 4. ದೊಡ್ಡದಕ್ಕೆ ಕೈ ಹಾಕಿ ಕೂದಲೆಳೆಯಷ್ಟು ತಪ್ಪಿದರೆ ಸಿಗುವುದು ಪುಡಿಕಾಸು. ಕಣ್ಣುಮುಚ್ಚಿ ಎಸೆಯುವವನಿಗೆ ಈ ಹಲಗೆ ದಯೆ ತೋರಿಸುವುದಿಲ್ಲ.

ಆದರೆ ಜಾಣ ಆಟಗಾರರು ತಪ್ಪನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯುತ್ತಾರೆ. ಹೆಚ್ಚಿನವರು ಕೊನೆಗೆ 32 ಉಳಿಸಿಕೊಳ್ಳಲು ಇಷ್ಟಪಡುತ್ತಾರೆ. ಏಕೆ ಗೊತ್ತೇ? 16ರ ಡಬಲಿಗೆ ಗುರಿಯಿಟ್ಟ ಬಾಣ ಹೊರಗೆ ಬಿದ್ದರೆ ನಷ್ಟವಿಲ್ಲ, 32 ಹಾಗೇ ಇರುತ್ತದೆ. ಒಳಗೆ ಬಿದ್ದರೆ 16 ಕಳೆದು 16 ಉಳಿಯುತ್ತದೆ. 8ರ ಡಬಲಿಗೆ ಎಸೆಯಬಹುದು. ಅದೂ ಒಳಗೆ ಬಿದ್ದರೆ 8 ಉಳಿಯುತ್ತದೆ, 4ರ ಡಬಲ್. ಮತ್ತೆ 2ರ ಡಬಲ್, ಕೊನೆಗೆ 1ರ ಡಬಲ್. ಒಂದು ತಪ್ಪಿದರೆ ಇಳಿಯಲು ಇನ್ನೊಂದು ಮೆಟ್ಟಿಲು. ಅದೇ 38 ಉಳಿಸಿಕೊಂಡವನು 19ರ ಡಬಲಿಗೆ ಎಸೆದು ಒಳಗೆ ಬಿದ್ದರೆ 19 ಉಳಿಯುತ್ತದೆ. ಬೆಸ ಸಂಖ್ಯೆಗೆ ಡಬಲ್ ಇಲ್ಲ. ಅದನ್ನು ಸಮ ಮಾಡಲಿಕ್ಕೇ ಇನ್ನೊಂದು ಬಾಣ ಖರ್ಚು. ಲೋಕದ ಅತಿ ನಿಖರವಾದ ಕೈಗಳುಳ್ಳವರು "ನನ್ನ ಕೈ ತಪ್ಪಬಹುದು" ಎಂದು ಮೊದಲೇ ಒಪ್ಪಿಕೊಂಡು ದಾರಿ ಆರಿಸುತ್ತಾರೆ ಎಂಬುದು ನಮಗೆ ಬಹಳ ಹಿಡಿಸಿದ ಸಂಗತಿ.

ಇನ್ನು ಫಲಿತಾಂಶಗಳಿಗೆ ಬರೋಣ.

ಲಂಡನಿನ ಉತ್ತರ ಭಾಗದಲ್ಲಿ ಗುಡ್ಡದ ಮೇಲೆ ಅಲೆಕ್ಸಾಂಡ್ರಾ ಪ್ಯಾಲೇಸ್ ಎಂಬ ಹಳೆಯ ಕಟ್ಟಡವಿದೆ. ವೃತ್ತಿಪರ ಆಟಗಾರರ ಸಂಸ್ಥೆ 1994ರಿಂದ ನಡೆಸಿಕೊಂಡು ಬಂದ ಈ ಪಂದ್ಯಾವಳಿ 2008ರ ಆವೃತ್ತಿಯಿಂದ ಅಲ್ಲಿ ನಡೆಯುತ್ತಿದೆ. 2024ರ ಜನವರಿ 3ರಂದು ಅಲ್ಲಿನ ಫೈನಲಿನಲ್ಲಿ ಲ್ಯೂಕ್ ಲಿಟ್ಲರ್ ಎಂಬ ಹುಡುಗ ನಿಂತಿದ್ದ. ಇಂಗ್ಲೆಂಡಿನ ವಾರಿಂಗ್ಟನ್ ಊರಿನವನು. 2007ರ ಜನವರಿ 21ರಂದು ಹುಟ್ಟಿದ ಅವನಿಗೆ ಆಗ 16 ವರ್ಷ. ನಮ್ಮ ಲೆಕ್ಕದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪ್ಲಸ್ ವನ್ ಮೆಟ್ಟಿಲೇರುವ ಪ್ರಾಯ. ಆ ವರೆಗೆ ಇಷ್ಟು ಎಳೆಯ ಪ್ರಾಯದವರು ಯಾರೂ ಆ ಫೈನಲಿಗೆ ಬಂದಿರಲಿಲ್ಲ. ಎದುರಾಳಿ ಲ್ಯೂಕ್ ಹಂಫ್ರೀಸ್. ಏಳು ಸೆಟ್ ಮೊದಲು ಗೆದ್ದವನು ಚಾಂಪಿಯನ್.

ಹುಡುಗ 4-2ರಿಂದ ಮುಂದಿದ್ದ. ಏಳನೆಯ ಸೆಟ್ಟಿನಲ್ಲಿ ಒಂದು ಬಾಣ ತಾಗಿದ್ದರೆ 5-2 ಆಗುತ್ತಿತ್ತು. ಬೇಕಾಗಿದ್ದದ್ದು 2ರ ಡಬಲ್. ಅಂದರೆ 501ರಲ್ಲಿ 497 ಮುಗಿದಿತ್ತು, ಬಾಕಿ ಇದ್ದದ್ದು ಬರೇ ನಾಲ್ಕು. ಆ ಬಾಣ ತಪ್ಪಿತು. ಅಲ್ಲಿಂದ ಆಟ ತಿರುಗಿತು. ಹಂಫ್ರೀಸ್ ಸಾಲಾಗಿ ಐದು ಸೆಟ್ ಗೆದ್ದು 7-4ರಿಂದ ಚಾಂಪಿಯನ್ ಆದರು.

ಗೆದ್ದವರ ವಿಷಯವನ್ನೂ ಹೇಳಬೇಕು. ಹಂಫ್ರೀಸ್ ಹಿಂದೆ ಮನೆಗಳ ಛಾವಣಿ ಕೆಲಸ ಮಾಡುತ್ತಿದ್ದವರು. ಕೆಲವು ವರ್ಷ ಮೊದಲು ವೇದಿಕೆಯ ಮೇಲೆ ಮನಸ್ಸಿನ ಆತಂಕದಿಂದ ತಾವು ಎಷ್ಟು ಕಷ್ಟಪಟ್ಟೆವೆಂಬುದನ್ನು ಅವರೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಆ ರಾತ್ರಿಯ ಟ್ರೋಫಿ ಕೂಡ ಒಂದು ಕಾಲದಲ್ಲಿ ನಡುಗಿದ ಕೈಗೇ ಸೇರಿತು.

ನಾಲ್ಕು ಅಂಕ ಬಾಕಿ ಇರುವಾಗ ಲೋಕದೆದುರು ಕೈತಪ್ಪಿದ 16ರ ಹುಡುಗನಿಗೆ ಏನಾಯಿತು? ಅದೇ ವರ್ಷ ಮೇ 23ರಂದು ಪ್ರೀಮಿಯರ್ ಲೀಗ್ ಎಂಬ ಇನ್ನೊಂದು ದೊಡ್ಡ ಪಂದ್ಯಾವಳಿಯ ಫೈನಲಿನಲ್ಲಿ ಅವನು ಅದೇ ಹಂಫ್ರೀಸರನ್ನು 11-7ರಿಂದ ಸೋಲಿಸಿದ. ಅಂದಿನ ಒಂದು ಸುತ್ತಿನಲ್ಲಿ 501 ಅಂಕಗಳನ್ನು ಒಂಬತ್ತೇ ಬಾಣಗಳಲ್ಲಿ ಮುಗಿಸಿದ. ಅದಕ್ಕಿಂತ ಕಡಿಮೆ ಬಾಣಗಳಲ್ಲಿ ಮುಗಿಸಲು ಯಾರಿಂದಲೂ ಸಾಧ್ಯವಿಲ್ಲ. 2025ರ ಜನವರಿ 3ರಂದು, ತಪ್ಪಿದ ಆ ಬಾಣಕ್ಕೆ ಸರಿಯಾಗಿ ಒಂದು ವರ್ಷ ತುಂಬಿದ ದಿನ, ಅದೇ ವೇದಿಕೆಯಲ್ಲಿ ನೆದರ್‌ಲ್ಯಾಂಡಿನ ಮೈಕಲ್ ವ್ಯಾನ್ ಗರ್ವೆನ್ ಅವರನ್ನು 7-3ರಿಂದ ಸೋಲಿಸಿ 17ನೆಯ ವಯಸ್ಸಿನಲ್ಲಿ ವಿಶ್ವ ಚಾಂಪಿಯನ್ ಆದ. ಅಷ್ಟು ಚಿಕ್ಕ ಪ್ರಾಯದಲ್ಲಿ ಆ ಪಟ್ಟ ಯಾರಿಗೂ ಸಿಕ್ಕಿರಲಿಲ್ಲ. ಹಿಂದಿನ ದಾಖಲೆ 2014ರಲ್ಲಿ 24ನೆಯ ವಯಸ್ಸಿನಲ್ಲಿ ಗೆದ್ದ ಅದೇ ವ್ಯಾನ್ ಗರ್ವೆನ್ ಅವರದ್ದು.

ಈ ಬಾರಿಯ ಪಂದ್ಯಾವಳಿ 2025ರ ಡಿಸೆಂಬರ್ 11ರಿಂದ 2026ರ ಜನವರಿ 3ರವರೆಗೆ ನಡೆಯಿತು. ಮೊದಲ ಬಾರಿಗೆ 128 ಆಟಗಾರರು. ಫೈನಲಿನಲ್ಲಿ ಲಿಟ್ಲರ್ ನೆದರ್‌ಲ್ಯಾಂಡಿನ ಗಿಯಾನ್ ವ್ಯಾನ್ ವೇನ್ ಅವರನ್ನು 7-1ರಿಂದ ಸೋಲಿಸಿ ಪಟ್ಟ ಉಳಿಸಿಕೊಂಡ. ಬಹುಮಾನ 10 ಲಕ್ಷ ಪೌಂಡ್. ನಮ್ಮ ಹಣದಲ್ಲಿ ಸುಮಾರು 12 ಕೋಟಿ ರೂಪಾಯಿ.

ಪತ್ರಿಕೆಗಳಿಗೆ ಇಷ್ಟು ಸಾಕು. ನಮಗೆ ಇನ್ನೆರಡು ಸಂಗತಿಗಳು ಬೇಕು.

ಒಂದು, ಗೆಲುವಿನ ಒಳಗಿನ ಭಾರ. 2024ರ ಡಿಸೆಂಬರಿನಲ್ಲಿ ಲಿಟ್ಲರ್ ತನ್ನ ಮೊದಲ ಪಂದ್ಯ ಗೆದ್ದ ಕೂಡಲೇ ವೇದಿಕೆಯ ಮೇಲೆಯೇ ಅತ್ತುಬಿಟ್ಟ. ಸಂದರ್ಶನ ಮುಗಿಸಲು ಅವನಿಂದ ಆಗಲಿಲ್ಲ. ಸೋತು ಅತ್ತದ್ದಲ್ಲ, ಗೆದ್ದು ಅತ್ತದ್ದು! ಎಲ್ಲರೂ ತನ್ನಿಂದ ಗೆಲುವನ್ನೇ ನಿರೀಕ್ಷಿಸುತ್ತಾರೆ ಎಂಬ ಭಾರ ಹದಿನೇಳರ ಹೆಗಲಿಗೆ ಎಷ್ಟಿರುತ್ತದೆಂದು ಅಂದು ಜನ ಕಂಡರು. ನಮ್ಮ ಮನೆಗಳಲ್ಲಿ ಚೆನ್ನಾಗಿ ಓದುವ ಮಕ್ಕಳ ಹೆಗಲ ಮೇಲೂ ಇಂಥದೇ ಭಾರವಿದೆ. ಅವರು ಅಳುವುದು ಬಾಗಿಲು ಹಾಕಿಕೊಂಡು, ಅಷ್ಟೇ ವ್ಯತ್ಯಾಸ.

ಇನ್ನೊಂದು, ಸೋತ ವ್ಯಾನ್ ವೇನ್ ಅವರ ಕಥೆ. ಡಾರ್ಟ್ಸ್ ಆಟಗಾರರಿಗೆ ಬರುವ ಒಂದು ವಿಚಿತ್ರ ತೊಂದರೆ ಇದೆ. ಅದನ್ನು ಡಾರ್ಟೈಟಿಸ್ ಎನ್ನುತ್ತಾರೆ. ಕೈಗೆ ನೋವಿಲ್ಲ, ಗಾಯವಿಲ್ಲ. ಬಾಣ ಹಿಡಿದು ಕೈ ಎತ್ತಿದರೆ ಬೆರಳುಗಳು ಅದನ್ನು ಬಿಡುವುದೇ ಇಲ್ಲ. 1980ರಿಂದ 1986ರ ನಡುವೆ ಐದು ಬಾರಿ ವಿಶ್ವ ಚಾಂಪಿಯನ್ ಆಗಿದ್ದ ಎರಿಕ್ ಬ್ರಿಸ್ಟೋ ಎಂಬ ಮಹಾ ಆಟಗಾರನನ್ನೇ ಇದು ಕಾಡಿತು. 2018ರಲ್ಲಿ ತೀರಿಕೊಂಡ ಅವರಿಗೆ 1986ರ ಬಳಿಕ ಆ ಪಟ್ಟ ಮತ್ತೆ ಸಿಗಲೇ ಇಲ್ಲ. ವ್ಯಾನ್ ವೇನ್ ಅವರಿಗೂ ಎಳವೆಯಲ್ಲಿ ಇದೇ ತೊಂದರೆ ಇತ್ತು. ಬಾಣ ಕೈಯಿಂದ ಬಿಡಲಾಗದೆ ಒದ್ದಾಡಿದ ಯುವಕ 23ನೆಯ ವಯಸ್ಸಿನಲ್ಲಿ ವಿಶ್ವ ಫೈನಲಿಗೆ ಬಂದು ನಿಂತ. ಅವನ 7-1ರ ಸೋಲನ್ನು ಸೋಲೆಂದು ಮಾತ್ರ ಬರೆದರೆ ಅವನ ಲೆಕ್ಕವನ್ನು ನಾವು 501ರಿಂದ ಶುರು ಮಾಡಿದಂತಾಯಿತು.

ಕೈ ಏಕೆ ಹೆಪ್ಪುಗಟ್ಟುತ್ತದೆ? ಪೂರ್ತಿ ಕಾರಣ ಹೇಳುವುದು ವೈದ್ಯರ ಕೆಲಸ. ಆದರೆ ಶಾಲೆಯ ಮಾಸ್ತರರನ್ನು ಕೇಳಿ. ಎಲ್ಲ ಗೊತ್ತಿದ್ದೂ ಕೈ ಎತ್ತದ ಮಕ್ಕಳು ಪ್ರತಿ ತರಗತಿಯಲ್ಲಿದ್ದಾರೆ. ತಪ್ಪಿದರೆ ಏನಾಗುವುದೋ ಎಂಬ ಭಯಕ್ಕೆ ಬರೆಯುವ ಕೈ ನಿಲ್ಲುತ್ತದೆ, ಮಾತಾಡುವ ನಾಲಿಗೆ ನಿಲ್ಲುತ್ತದೆ. ನಡೆಯುವವರು ಎಡವದೆ ಕುಳಿತವರು ಎಡವುವರೇ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಎಡವಿದ್ದಕ್ಕೆಲ್ಲ ಬೈದರೆ ಮಗು ನಡಿಗೆ ಕಲಿಯುವುದಿಲ್ಲ, ಕುಳಿತಿರಲು ಕಲಿಯುತ್ತದೆ.

ನಮ್ಮ ದೇಶದವರ ವಿಷಯವನ್ನೂ ಹೇಳದೆ ಬಿಡಲಾಗದು. ನಿತಿನ್ ಕುಮಾರ್ ಎಂಬ ಭಾರತೀಯ ಆಟಗಾರ ಹಿಂದೆ ಹಲವು ಸಲ ಅಲೆಕ್ಸಾಂಡ್ರಾ ಪ್ಯಾಲೇಸಿಗೆ ಹೋಗಿ ಮೊದಲ ಪಂದ್ಯದಲ್ಲೇ ಸೋತು ಮರಳಿದ್ದರು. 2025ರ ಡಿಸೆಂಬರಿನಲ್ಲಿ ಮತ್ತೆ ಹೋದರು. ಈ ಸಲ ನೆದರ್‌ಲ್ಯಾಂಡಿನ ರಿಚರ್ಡ್ ವೀನ್‌ಸ್ಟ್ರಾ ಅವರನ್ನು 3-2ರಿಂದ ಸೋಲಿಸಿದರು. ಆ ಪಂದ್ಯಾವಳಿಯಲ್ಲಿ ಭಾರತೀಯನೊಬ್ಬ ಪಂದ್ಯ ಗೆದ್ದದ್ದು ಅದೇ ಮೊದಲು. ಮುಂದಿನ ಸುತ್ತಿನಲ್ಲಿ ಸೋತರು, ಹೌದು. ಆದರೆ ಮೊದಲ ಸೋಲಿಗೇ "ಇದು ನಮ್ಮವರಿಂದಾಗುವ ಕೆಲಸವಲ್ಲ" ಎಂದು ಮನೆಯಲ್ಲಿ ಕೂತಿದ್ದರೆ ಆ ಒಂದು ಗೆಲುವೂ ದಾಖಲಾಗುತ್ತಿರಲಿಲ್ಲ. ಅದೇ ಪಂದ್ಯಾವಳಿಯಲ್ಲಿ ಕೀನ್ಯಾದ ಪಶುವೈದ್ಯ ಡೇವಿಡ್ ಮುನ್ಯುವಾ ಎರಡು ಸೆಟ್ ಕಳೆದುಕೊಂಡ ಮೇಲೆ ಎದ್ದು ನಿಂತು ಬೆಲ್ಜಿಯಮಿನ ಮೈಕ್ ಡೆ ಡೆಕ್ಕರ್ ಅವರನ್ನು 3-2ರಿಂದ ಸೋಲಿಸಿದರು. 0-2 ಆದಾಗ ಆಟ ಮುಗಿಯಿತೆಂದು ನೋಡುವವರು ಅಂದುಕೊಂಡಿರಬಹುದು. ಆಡುವವನು ಹಾಗೆ ಅಂದುಕೊಳ್ಳಲಿಲ್ಲ.

ಈಗ ನಮ್ಮ ಊರಿಗೆ ಬರೋಣ.

ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ, ಮೇ ತಿಂಗಳಲ್ಲಿ ಫಲಿತಾಂಶ. ಫಲಿತಾಂಶ ಬಂದ ಮರುದಿನವೇ ಉಪ್ಪಳ, ಕುಂಬಳೆ, ಬದಿಯಡ್ಕ, ಪೆರ್ಲ ಪೇಟೆಗಳಲ್ಲಿ ಫ್ಲೆಕ್ಸುಗಳು ಏಳುತ್ತವೆ. 'ಫುಲ್ ಎ ಪ್ಲಸ್' ಪಡೆದ ಮಕ್ಕಳ ನಗುಮುಖಗಳು. ಕನ್ನಡ ಮಾಧ್ಯಮದಲ್ಲಿ ಓದಿ, ಮನೆಯಲ್ಲಿ ಕೊಂಕಣಿ ಅಥವಾ ತುಳು ಮಾತಾಡಿ, ಬಸ್ಸಿನಲ್ಲಿ ಮಲಯಾಳ ಕಲಿತು, ಎಲ್ಲ ವಿಷಯಗಳಲ್ಲೂ ಎ ಪ್ಲಸ್ ಪಡೆಯುವುದು ಸಣ್ಣ ಸಾಧನೆಯಲ್ಲ. ಆ ಮಕ್ಕಳನ್ನು ನಾವು ಮನಸಾರೆ ಅಭಿನಂದಿಸುತ್ತೇವೆ.

ಆದರೆ ಒಂಬತ್ತು ಎ ಪ್ಲಸ್, ಒಂದು ಎ ಪಡೆದ ಹುಡುಗಿಯನ್ನು ನೆನೆಯಿರಿ. ಅವಳ ಪಟ ಫ್ಲೆಕ್ಸಿನಲ್ಲಿಲ್ಲ. ಮನೆಗೆ ಬಂದವರ ಮೊದಲ ಪ್ರಶ್ನೆ, "ಅಯ್ಯೋ, ಯಾವುದರಲ್ಲಿ ಹೋಯಿತು?" ಒಂಬತ್ತರ ಮಾತು ಯಾರೂ ಎತ್ತುವುದಿಲ್ಲ. ಇನ್ನು ಒಂದು ವಿಷಯದಲ್ಲಿ ತೇರ್ಗಡೆಯಾಗದ ಹುಡುಗನ ಪಾಡು? ಅಂದು ಅವನ ಮನೆಯಲ್ಲಿ ಹೊರಡುವ ಮಾತುಗಳು ನಮಗೆಲ್ಲ ಗೊತ್ತಿರುವಂಥವೇ. "ಮೊದಲಿನಿಂದಲೂ ನೀನು ಹೀಗೆಯೇ." "ಮೊಬೈಲು ತೆಗೆದುಕೊಟ್ಟದ್ದೇ ತಪ್ಪು." "ನಿನ್ನ ಮೇಲೆ ಹಾಕಿದ ದುಡ್ಡೆಲ್ಲ ನೀರಲ್ಲಿ ಹೋಯಿತು." "ಅಕ್ಕನನ್ನು ನೋಡಿ ಕಲಿ."

ಇಲ್ಲಿ ಏನಾಯಿತು ನೋಡಿ. ತಪ್ಪಿದ್ದು ಒಂದು ಸರದಿ. ನಾವು ಲೆಕ್ಕವನ್ನು 501ಕ್ಕೆ ತಳ್ಳಿಬಿಟ್ಟೆವು. ಹತ್ತು ವರ್ಷ ಮಳೆಯಲ್ಲಿ ನೆನೆದು ಶಾಲೆಗೆ ಹೋದದ್ದು, ತೋಟದಲ್ಲಿ ಅಡಿಕೆ ಹೆಕ್ಕಿ ನೆರವಾದದ್ದು, ಕಾಯಿಲೆ ಬಿದ್ದ ಅಜ್ಜನ ಪಕ್ಕದಲ್ಲಿ ಮಲಗಿದ್ದು, ಪಾಸಾದ ಉಳಿದ ವಿಷಯಗಳು ಎಲ್ಲವನ್ನೂ ಒಂದೇ ಮಾತಿನಲ್ಲಿ ಅಳಿಸಿದೆವು. ಮದ್ಯದ ಗ್ಲಾಸುಗಳ ನಡುವೆ ಹುಟ್ಟಿ ಬೆಳೆದ ಒಂದು ಪಬ್ಬಿನ ಆಟದಲ್ಲಿ ಇರುವ ನ್ಯಾಯ ನಮ್ಮ ಮನೆಗಳ ಊಟದ ಮೇಜಿನಲ್ಲಿ ಇಲ್ಲವಾದರೆ ಹೇಗೆ?

ಕೇರಳದ ಶಿಕ್ಷಣ ಇಲಾಖೆ ಕೂಡ ಈ ನ್ಯಾಯವನ್ನು ಒಪ್ಪಿಕೊಂಡಿದೆ. ತೇರ್ಗಡೆಯಾಗದವರಿಗೆ 'ಸೇ' ಪರೀಕ್ಷೆ ಇದೆ. 'ಸೇವ್ ಎ ಇಯರ್' ಎಂಬುದರ ಹ್ರಸ್ವರೂಪ ಅದು. ಒಂದು ವರ್ಷವನ್ನು ಉಳಿಸಿಕೋ ಎಂದರ್ಥ. ಪಾಸಾದ ವಿಷಯಗಳನ್ನು ಮತ್ತೆ ಬರೆಯಬೇಕಾಗಿಲ್ಲ. ತಪ್ಪಿದ್ದನ್ನು ಮಾತ್ರ ಬರೆದರೆ ಸಾಕು. ಸರಕಾರದ ಕಾಗದದಲ್ಲಿ ಹುಡುಗನ ಲೆಕ್ಕ 32ರಲ್ಲೇ ಇದೆ. 501ಕ್ಕೆ ಹೋದದ್ದು ಮನೆಯಲ್ಲಿ ಮಾತ್ರ.

"ಹಾಗಾದರೆ ಮಕ್ಕಳಿಗೆ ಏನೂ ಹೇಳಬಾರದೇ? ಮುದ್ದು ಮಾಡಿ ಕೆಡಿಸಬೇಕೇ?" ಎಂದು ಕೆಲವು ತಂದೆಯರು ಕೇಳಿಯಾರು. ಹಾಗಲ್ಲ. ಬಸ್ಟ್ ಆದ ಸರದಿ ನಿಜವಾಗಿಯೂ ಹೋಯಿತು. ಆಟಗಾರ ಅತ್ತುಕೊಂಡನೆಂದು ಯಾರೂ ಅವನಿಗೆ ಬಿಟ್ಟಿ ಅಂಕ ಕೊಡುವುದಿಲ್ಲ. ಅವನು ಹಿಂದೆ ಸರಿದು ನಿಲ್ಲಬೇಕು, ಎದುರಾಳಿ ಎಸೆಯುವುದನ್ನು ನೋಡಬೇಕು. ತನ್ನ ಬಾಣಗಳನ್ನು ತಾನೇ ಕಿತ್ತು ತರಬೇಕು. ಅಪ್ಪ ಓಡಿ ಹೋಗಿ ಕಿತ್ತು ಕೊಡುವಂತಿಲ್ಲ. ಬೇಸಗೆ ರಜೆಯ ಕೆಲವು ವಾರ ಕೂತು ಓದಿ ಸೇ ಪರೀಕ್ಷೆ ಬರೆಯುವುದು ಅವನ ಕೆಲಸವೇ. ತಪ್ಪಿಗೆ ಅದರಷ್ಟೇ ಬೆಲೆ ತೆರಲಿ, ಒಂದು ಕಾಸೂ ಹೆಚ್ಚು ಬೇಡ ಎನ್ನುವುದಷ್ಟೇ ನಮ್ಮ ವಾದ.

ಹಾಗಾಗಿ ತಂದೆತಾಯಿಗಳಲ್ಲಿ ಮೂರು ಮಾತು ಕೇಳಿಕೊಳ್ಳುತ್ತೇವೆ. ಮೊದಲನೆಯದು, ಫಲಿತಾಂಶದ ದಿನ ನೀವು ತೀರ್ಪುಗಾರನಂತೆ ಎರಡೇ ಶಬ್ದ ಹೇಳಿ. "ಇದು ಹೋಯಿತು" ಎನ್ನಿ, ಅಲ್ಲಿಗೆ ನಿಲ್ಲಿಸಿ. ವಿಚಾರಣೆ ಅಂದು ಬೇಡ. ಅಂದು ಊಟ ಬಡಿಸಿ, ಹತ್ತಿರ ಕೂತುಕೊಳ್ಳಿ. ಯಾವ ತಪ್ಪು ಎಲ್ಲಿ ಆಯಿತೆಂದು ನೋಡಲು ಮರುದಿನವಿದೆ.

ಎರಡನೆಯದು, 32 ಉಳಿಸಿಕೊಳ್ಳುವ ಜಾಣತನ. ಮಗಳಿಗೆ ಒಂದೇ ಗುರಿ ಇಟ್ಟು, "ಇದಾಗದಿದ್ದರೆ ಏನೂ ಇಲ್ಲ" ಎನ್ನಬೇಡಿ. ಇದು ತಪ್ಪಿದರೆ ಆ ಮೆಟ್ಟಿಲು, ಅದೂ ತಪ್ಪಿದರೆ ಇನ್ನೊಂದು ಎಂದು ಪರೀಕ್ಷೆಗೆ ಮುಂಚೆಯೇ ಕೂತು ಮಾತಾಡಿ. ಪ್ಲಸ್ ಟು ಇದೆ, ವೊಕೇಶನಲ್ ಹೈಯರ್ ಸೆಕೆಂಡರಿ ಇದೆ, ಐ.ಟಿ.ಐ. ಇದೆ, ಪಾಲಿಟೆಕ್ನಿಕ್ ಇದೆ. ಕೆಳಗೆ ಮೆಟ್ಟಿಲಿದೆ ಎಂದು ಗೊತ್ತಿರುವ ಮಗುವಿನ ಕೈ ಮೇಲಿನ ಗುರಿಗೆ ಎಸೆಯುವಾಗ ನಡುಗುವುದಿಲ್ಲ.

ಮೂರನೆಯದು, ಬಾಕಿಯನ್ನು ಮಾತ್ರ ಎಣಿಸಬೇಡಿ, ಕಳೆದದ್ದನ್ನೂ ಎಣಿಸಿ. ಮಗ ಎಲ್ಲಿಂದ ಎಲ್ಲಿಗೆ ಬಂದಿದ್ದಾನೆ ಎಂಬುದನ್ನು ಬಾಯಿ ಬಿಟ್ಟು ಹೇಳಿ. ನಮ್ಮ ಮನೆಗಳಲ್ಲಿ ಪ್ರೀತಿಗೆ ಕೊರತೆಯಿಲ್ಲ. ಅದನ್ನು ಬಾಯಲ್ಲಿ ಹೇಳುವ ಅಭ್ಯಾಸ ಮಾತ್ರ ಕಡಿಮೆ.

ಮಕ್ಕಳೇ, ನಿಮಗೂ ಒಂದು ಮಾತು. ಒಂದು ಫಲಿತಾಂಶಕ್ಕೆ ಬದುಕೇ ಮುಗಿಯಿತೆಂದು ಅನ್ನಿಸಿದರೆ, ಆ ಅನ್ನಿಸಿಕೆಯನ್ನು ಒಬ್ಬರೇ ಇಟ್ಟುಕೊಳ್ಳಬೇಡಿ. ಅಮ್ಮನಿಗೆ ಹೇಳಿ, ಮಾಸ್ತರರಿಗೆ ಹೇಳಿ, ಧರ್ಮಕೇಂದ್ರದ ಗುರುಗಳ ಮನೆಯ ಬಾಗಿಲು ತಟ್ಟಿ. ಹತ್ತಿರದವರಿಗೆ ಹೇಳಲು ಬಾಯಿ ಬರದಿದ್ದರೆ ಟೆಲಿ ಮಾನಸ್ ಎಂಬ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಕರೆ ಮಾಡಬಹುದು. ಹಗಲು ರಾತ್ರಿ ಯಾವಾಗ ಕರೆದರೂ ಕೇಳುವವರಿದ್ದಾರೆ. ಈ ಸಂಖ್ಯೆಯನ್ನು ಇಂದೇ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಡಿ.

ಕೊನೆಗೆ ಯುವಕರಿಗೊಂದು ಎಚ್ಚರಿಕೆ. ಈ ಪಂದ್ಯಾವಳಿಯ ಹೆಸರಿನ ಜೊತೆಗೇ ಬಾಜಿ ಕಟ್ಟಿಸುವ ಕಂಪೆನಿಯ ಹೆಸರೂ ಅಂಟಿಕೊಂಡಿದೆ. ಆಟ ನೋಡಿ ಸಂತೋಷಪಡಿ. ಬಾಜಿಯ ಕಡೆ ಹೋಗಬೇಡಿ. ನಮ್ಮ ದೇಶದಲ್ಲಿ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ಡಾರ್ಟ್ಸ್ ಹಲಗೆಯ ಮುಂದೆ ತಪ್ಪಿದವನು ಕಳೆದುಕೊಳ್ಳುವುದು ಒಂದು ಸರದಿಯನ್ನು. ಬಾಜಿಯಲ್ಲಿ ತಪ್ಪಿದವನು ಹೋದದ್ದನ್ನು ಮರಳಿ ಪಡೆಯುವ ಆಸೆಗೆ ಮತ್ತೆ ಕಟ್ಟುತ್ತಾನೆ. ಅಮ್ಮನ ಬಳೆ, ಅಪ್ಪನ ಗದ್ದೆ ಅದರ ಹಿಂದೆಯೇ ಹೋಗುತ್ತವೆ.

ಅಜ್ಜಿಯ ಪ್ರಶ್ನೆಗೆ ನಮ್ಮ ಉತ್ತರ ಇಷ್ಟು: ಗೋಡೆಗೆ ಸೂಜಿ ಎಸೆಯುವುದನ್ನು ನೋಡಲು ಅಷ್ಟು ಜನ ಸೇರುವುದು, ತಪ್ಪಿದ ಕೈ ಮತ್ತೆ ಹೇಗೆ ಏಳುತ್ತದೆಂದು ನೋಡಲಿಕ್ಕೂ ಇರಬೇಕು. ಮೇ ತಿಂಗಳ ಆ ದಿನ ಮೊಬೈಲಿನಲ್ಲಿ ಫಲಿತಾಂಶ ತೆರೆಯುವಾಗ ನಿಮ್ಮ ಮಗುವಿನ ಕಣ್ಣು ಮೊದಲು ನೋಡುವುದು ಅಂಕಗಳನ್ನಲ್ಲ, ನಿಮ್ಮ ಮುಖವನ್ನು. ಆ ಮುಖ ಹೇಗಿರಬೇಕೆಂದು ಈಗಲೇ ಗಂಡ ಹೆಂಡತಿ ಕೂತು ಮಾತಾಡಿಕೊಳ್ಳಿ. ಪರೀಕ್ಷೆಗೆ ಇನ್ನೂ ಸಮಯವಿದೆ.